ಸಿನಿಮಾದ ಉದ್ಯಮಿಗೆ ಸಂಬಳದ ದಿನ ಯಾಕೆ ಬರುವುದೇ ಇಲ್ಲ?

ಪೀಣ್ಯ ಎರಡನೇ ಹಂತ:
ಉದ್ಯಮಿಗಳ ಮೇಲೆ ಬಂದಿರೋ ಸಿನಿಮಾ ಯಾವುದೇ ತಗೊಳ್ಳಿ, ಹೀರೋಗೆ ಧರ್ಮಸಂಕಟ ಬರೋದು ಎರಡೇ ಜಾಗದಲ್ಲಿ. ಒಂದು, ಯಾರೋ ಅಧಿಕಾರಿ ಲಂಚ ಕೇಳಿದಾಗ. ಇನ್ನೊಂದು, ದೊಡ್ಡ ಕುಳ ಬಂದು ನಿನ್ನ ಕಂಪನಿ ನನಗೆ ಕೊಟ್ಟುಬಿಡು ಅಂದಾಗ. ಎರಡೂ ಕಡೆ ಅವನು ಎದೆ ಸೆಟೆಸಿ "ಆಗಲ್ಲ" ಅಂತಾನೆ, ನಾವು ಸಿಳ್ಳೆ ಹೊಡೀತೀವಿ.

ನಾನು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ನಡೆಸ್ತೀನಿ. ಎರಡು ಸಿಎನ್‌ಸಿ ಮಷೀನ್, ಒಂದು ಹಳೇ ಲೇತ್, ಎಲ್ಲಾ ಜಾಬ್ ವರ್ಕ್, ಅಂದ್ರೆ ಬೇರೆ ಕಂಪನಿಗಳು ಹೇಳಿದ್ದನ್ನ ಮಾಡಿಕೊಡೋದು. ನಮಗೆ ಧರ್ಮಸಂಕಟ ಬರೋದು ತಿಂಗಳ ಏಳನೇ ತಾರೀಕು ಹತ್ತಿರ ಬಂದಾಗ. ಕೆಲಸ ಕೊಟ್ಟ ಪಾರ್ಟಿಯಿಂದ ಪೇಮೆಂಟ್ ಬಂದಿರಲ್ಲ. ಅಕೌಂಟಲ್ಲಿ ಇರೋ ದುಡ್ಡು ಹುಡುಗರ ಸಂಬಳಕ್ಕೆ ಸಾಕು, ಇಲ್ಲಾ ಜಿಎಸ್‌ಟಿಗೆ ಸಾಕು, ಇಲ್ಲಾ ರಾಡ್ ಕೊಟ್ಟ ಅಂಗಡಿಯವರ ಬಾಕಿಗೆ ಸಾಕು. ಮೂರಕ್ಕೂ ಸಾಲಲ್ಲ. ಯಾರಿಗೆ "ಸ್ವಲ್ಪ ತಡೀರಿ" ಅನ್ನೋದು? ಒಬ್ಬ ವ್ಯವಹಾರಸ್ಥ ಎಂಥವನು ಅನ್ನೋದು ಆ ದಿನ ಗೊತ್ತಾಗುತ್ತೆ.

'ಸೂರರೈ ಪೋಟ್ರು' ನನಗೆ ಇಷ್ಟವಾದ ತಮಿಳು ಸಿನಿಮಾ, ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಬದುಕಿನಿಂದ ಹುಟ್ಟಿದ್ದು. ಅಪ್ಪನ ಕೊನೆಗಾಲಕ್ಕೆ ಊರು ಸೇರೋಕೆ ಟಿಕೆಟ್ ದುಡ್ಡು ಸಾಲದೆ ವಿಮಾನ ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಕೈಯೊಡ್ಡೋ ದೃಶ್ಯ ನೋಡಿದಾಗ ಈಗಲೂ ಗಂಟಲು ಕಟ್ಟುತ್ತೆ. ಆದರೆ ವಿಮಾನ ಹಾರಿತು, ಸಿನಿಮಾ ಮುಗೀತು. ವ್ಯವಹಾರ ಶುರುವಾಗೋದೇ ಅಲ್ಲಿಂದ ಅಲ್ವಾ? ಸಂಬಳ, ಸಾಲ, ಬಾಕಿ, ಪಾಲುದಾರರ ಜಗಳ ಇವನ್ನು ನೆಟ್ಟಗೆ ತೋರಿಸಿದ ಸಿನಿಮಾ ಯಾವುದಾದರೂ ಇದ್ದರೆ ಹೇಳಿ.

ಕೋಡ್ ಬರೆಯುವವ:
ಸಂಬಳದ ಟೆನ್ಶನ್ ನೋಡೋಕೆ ಯಾರು ಸಾರ್ ಟಿಕೆಟ್ ತಗೋತಾರೆ? ಅದು ಮನೇಲೇ ಇದೆ.

ಹಳೇ ಟಾಕೀಸು:
ಯಾಕೆ ತಗೊಳ್ಳಲ್ಲ? 1971ರಲ್ಲಿ ತಗೊಂಡಿದ್ದಾರೆ. 'ಕಸ್ತೂರಿ ನಿವಾಸ' ಒಂದು ಬೆಂಕಿಪೊಟ್ಟಣದ ಕಾರ್ಖಾನೆಯ ಕಥೆ ಅನ್ನೋದನ್ನ ಎಷ್ಟು ಜನ ನೆನಪಿಟ್ಟುಕೊಂಡಿದ್ದಾರೆ? ಪಾರಿವಾಳ ಮಾತ್ರ ಎಲ್ಲರಿಗೂ ನೆನಪು. ರವಿವರ್ಮ ಕಾರ್ಖಾನೆ ಮಾಲೀಕ. ಅವನ ಕೈಕೆಳಗಿದ್ದ ಚಂದ್ರು ಬೇರೆ ಹೋಗಿ ಪ್ರತಿಸ್ಪರ್ಧಿಯಾಗಿ ಬೆಳೀತಾನೆ, ಇವನ ಮಾಲು ಓಡೋದು ನಿಲ್ಲುತ್ತೆ, ಕೊನೆಗೆ ಮನೆಯೂ ಹರಾಜಿಗೆ ಬರುತ್ತೆ. ದೊರೈ-ಭಗವಾನ್ ಇದನ್ನ ಮಾರುಕಟ್ಟೆಯ ಕಥೆ ಅಂತ ಎಲ್ಲೂ ಡಂಗುರ ಹೊಡೆಯಲ್ಲ. ಆದರೆ ಒಂದು ಕಂಪನಿ ಹೇಗೆ ಮುಳುಗುತ್ತೆ ಅನ್ನೋದು ಅದರಲ್ಲಿದೆ.

ಪೀಣ್ಯ ಎರಡನೇ ಹಂತ:
ಸಾರ್, ನನ್ನ ತಕರಾರು ಅಲ್ಲೇ ಇರೋದು. ರವಿವರ್ಮ ಕೊಡುಗೈ ದೊರೆ. ಎಲ್ಲಾ ಕೊಟ್ಟ, ಪ್ರೀತಿಸಿದವಳನ್ನೂ ಬಿಟ್ಟುಕೊಟ್ಟ. ಕಾರ್ಖಾನೆ ಕೈಬಿಟ್ಟು ಹೋಗುವಾಗ ಕ್ಯಾಮೆರಾ ಅವನ ಮುಖದ ಮೇಲೇ ಇರುತ್ತೆ. ಅಲ್ಲಿ ಕಡ್ಡಿ ತುಂಬ್ತಿದ್ದವರ ಮನೇಲಿ ಆ ತಿಂಗಳು ಒಲೆ ಹತ್ತಿತಾ? ನಮ್ಮವರಿಗೆ ಒಳ್ಳೇ ಉದ್ಯಮಿ ಅಂದ್ರೆ ಎಲ್ಲಾ ಕಳಕೊಂಡವನು. ಗಳಿಸಿ, ಉಳಿಸಿ, ಹತ್ತು ಮನೆ ನಡೆಸಿ, ಆಮೇಲೂ ಒಳ್ಳೆಯವನಾಗಿ ಉಳಿದವನನ್ನ ಬರೆಯೋಕೆ ಆಗಲೇ ಇಲ್ವಾ?

ಹಳೇ ಟಾಕೀಸು:
ಬರೆದಿದ್ದಾರಲ್ಲ. 'ಬಂಗಾರದ ಮನುಷ್ಯ', ಮರುವರ್ಷವೇ. ಕಲ್ಲುಭೂಮಿಯನ್ನ ಸಾಗುವಳಿಗೆ ತಂದು ಊರನ್ನೇ ಮೇಲೆತ್ತಿದ ರಾಜೀವ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಲ್ಲಿ ಎರಡು ವರ್ಷ ಓಡಿತು.

ಕೋಡ್ ಬರೆಯುವವ:
ಅದು ರೈತನ ಕಥೆ. ಉದ್ಯಮ ಎಲ್ಲಿಂದ ಬಂತು?

ಹಳೇ ಟಾಕೀಸು:
ಸಾಲ ಎತ್ತಿ, ಯಾರೂ ಮೂಸದ ಜಮೀನು ಹಿಡಿದು, ಆಳುಕಾಳು ಇಟ್ಟು, ಬೆಳೆದು ಮಾರಿ ಲಾಭ ಮಾಡಿದ್ದು ಉದ್ಯಮ ಅಲ್ಲದೆ ಇನ್ನೇನಪ್ಪ? ಶರ್ಟು ಇನ್ ಮಾಡಿಲ್ಲ ಅಂತಾನಾ?

ಗೊರೂರು ಸೀಮೆ:
ಆದರೂ ಆ ರಾಜೀವನೂ ಕೊನೆಗೆ ಮನೆ ಬಿಟ್ಟು ಹೊರಟೇ ಹೋಗ್ತಾನೆ ನೋಡಿ. ಕಟ್ಟಿದವನು ಕಟ್ಟಿದ್ದರಲ್ಲಿ ಕೂತು ಉಣ್ಣುವ ಹಾಗಿಲ್ಲ. ಪೀಣ್ಯದವರು ಹೇಳಿದ್ದು ಅಲ್ಲೂ ನಿಜವೇ.

'ಸೂರರೈ ಪೋಟ್ರು' ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ನಮ್ಮ ಕಡೆಯ ಕಥೆ. ಸಿನಿಮಾದ ಮಾರ ಮಧುರೆ ಪಕ್ಕದ ಶೋಳವಂದಾನ್‌ನವನು. ಅಸಲು ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆ ಗೊರೂರಿನವರು. ತಂದೆ ಮೇಷ್ಟ್ರು. ಸೇನೆ ಸೇರಿ 1971ರ ಯುದ್ಧ ಕಂಡವರು, ಇಪ್ಪತ್ತೆಂಟನೇ ವಯಸ್ಸಿಗೆ ಬಿಟ್ಟು ಊರಿಗೆ ಬಂದರು. ಹೇಮಾವತಿ ಹಿನ್ನೀರಿಗೆ ಮನೆತನದ ಜಮೀನು ಹೋಗಿತ್ತು, ಬದಲಿಗೆ ಜಾವಗಲ್ ಕಡೆ ಒಣಭೂಮಿ ಸಿಕ್ಕಿತ್ತು. ಅಲ್ಲಿ ಟೆಂಟ್ ಹಾಕ್ಕೊಂಡು ಸಾಗುವಳಿ ಶುರು ಮಾಡಿದರು. ಪರಿಸರಕ್ಕೆ ಹೊಂದುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹಾಸನದಲ್ಲಿ ಬೈಕ್ ಡೀಲರ್‌ಶಿಪ್, ಹೋಟೆಲು, ನೀರಾವರಿ ಸಾಮಾನಿನ ವ್ಯಾಪಾರ, ಮಧ್ಯೆ ಚುನಾವಣೆಗೂ ನಿಂತು ಸೋತರು. ಆಮೇಲೆ ಹೆಲಿಕಾಪ್ಟರ್ ಕಂಪನಿ. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್.

ಸಿನಿಮಾ ಈ ಇಡೀ ಅಲೆದಾಟ ತೆಗೆದುಹಾಕಿ ಒಂದೇ ಕನಸು ಇಟ್ಟಿತು. ಮನುಷ್ಯ ಹತ್ತು ಕಡೆ ಕೈ ಹಾಕಿ, ಕೆಲವು ಬಿದ್ದು, ಹನ್ನೊಂದನೆಯದರಲ್ಲಿ ಎದ್ದು ನಿಲ್ಲೋದು ಹೇಗೆ ಅನ್ನೋದೇ ಕಾಣೆ.

ಅದಕ್ಕಿಂತ ದೊಡ್ಡದು ಕೊನೆ. ಸಿನಿಮಾದಲ್ಲಿ ಬಾಲಯ್ಯ ಅನ್ನೋ ಸಿರಿವಂತ ಬಂದು ನಾವಿಬ್ಬರೂ ಸೇರಿಕೊಳ್ಳೋಣ ಅಂತಾನೆ. ಮಾರ ಒಪ್ಪಲ್ಲ, ಜನರನ್ನ ನೀವು ನೋಡೋ ರೀತಿ ಬೇರೆ ನಾನು ನೋಡೋ ರೀತಿ ಬೇರೆ ಅನ್ನೋ ಧಾಟಿ. ನಿಜದಲ್ಲಿ 2007ರಲ್ಲಿ ವಿಜಯ್ ಮಲ್ಯರ ಯುಬಿ ಗುಂಪು ಸುಮಾರು 550 ಕೋಟಿ ಕೊಟ್ಟು ಶೇ. 26ರಷ್ಟು ಪಾಲು ತಗೊಂಡಿತು, 2008ರಲ್ಲಿ ಕಂಪನಿ ಕಿಂಗ್‌ಫಿಶರ್ ಜೊತೆ ವಿಲೀನ ಆಯ್ತು. ಒಂದು ರೂಪಾಯಿ ಟಿಕೆಟ್ ಕೊಟ್ಟ ವಿಮಾನ 'ಕಿಂಗ್‌ಫಿಶರ್ ರೆಡ್' ಆಗಿ, ಆಮೇಲೆ ಅದೂ ನಿಂತುಹೋಯ್ತು.

ದಾಸರಹಳ್ಳಿ ಟ್ರೇಡರ್:
ಸಿನಿಮಾ ಅಂದ್ಮೇಲೆ ಅಷ್ಟು ಸ್ವಾತಂತ್ರ್ಯ ತಗೋತಾರೆ ಬಿಡಿ ಗುರು. ಐದು ರಾಷ್ಟ್ರಪ್ರಶಸ್ತಿ ಸುಮ್ನೆ ಬಂತಾ?

ಗೊರೂರು ಸೀಮೆ:
ಪ್ರಶಸ್ತಿ ಬಂದಿದ್ದು ನನಗೂ ಖುಷಿಯೇ. ಊರು ಬದಲಿಸಿದ್ದಕ್ಕೂ ತಕರಾರಿಲ್ಲ. ಆದರೆ ಆ ಮನುಷ್ಯನ ಬದುಕಿನ ಅತಿ ಕಷ್ಟದ ತೀರ್ಮಾನ ಏನಿತ್ತೋ, ಅದನ್ನೇ ತಲೆಕೆಳಗೆ ಮಾಡಿಬಿಟ್ಟರೆ ಅದಕ್ಕೆ ಸ್ವಾತಂತ್ರ್ಯ ಅಂತೀರಾ? ಮಾರಿದವನು ಹೀರೋ ಆಗಬಾರದು ಅಂತ ಯಾರೋ ಮೊದಲೇ ತೀರ್ಮಾನ ಮಾಡಿದ ಹಾಗಿದೆ.

ಲೆಕ್ಕಪತ್ರ:
ಗೊರೂರು ಸೀಮೆಯವರ ಮಾತಿಗೆ ಒಂದು ಸೇರಿಸ್ತೀನಿ. ಮಾರಿದ್ದು ಸೋಲು ಅಂತ ಯಾಕೆ ಓದಬೇಕು? ಏರ್ ಡೆಕ್ಕನ್ ನಷ್ಟದಲ್ಲಿತ್ತು. 2006ರಲ್ಲಿ ಐಪಿಒ ಆಗಿತ್ತು, ಅಂದ್ರೆ ಸಾರ್ವಜನಿಕರ ದುಡ್ಡು ಒಳಗಿತ್ತು. ಕೊಂಡ ಮಲ್ಯರ ಕಡೆಯವರಿಗೂ ಲೆಕ್ಕಾಚಾರ ಇತ್ತು. ವಿದೇಶಕ್ಕೆ ಹಾರಬೇಕಾದ್ರೆ ದೇಶದೊಳಗೆ ಐದು ವರ್ಷ ಹಾರಾಟ ಪೂರೈಸಿರಬೇಕು, ಇಪ್ಪತ್ತು ವಿಮಾನ ಇರಬೇಕು ಅಂತ ಆಗ ನಿಯಮ. 2003ರಲ್ಲಿ ಶುರುವಾದ ಡೆಕ್ಕನ್ 2008ಕ್ಕೆ ಐದು ಮುಗಿಸ್ತಿತ್ತು, ಕಿಂಗ್‌ಫಿಶರ್‌ಗೆ ಇನ್ನೂ ಕಾಯಬೇಕಿತ್ತು. ವಿಲೀನ ಆದ ವರ್ಷವೇ ಬೆಂಗಳೂರು-ಲಂಡನ್ ಹಾರಾಟ ಶುರುವಾಯ್ತು.

ನಷ್ಟದ ಕಂಪನಿ ಹಿಡಿದುಕೊಂಡು "ಮಾರಲ್ಲ" ಅನ್ನೋದು ಕೇಳೋಕೆ ಚಂದ. ಹಾಗೆ ಹಠ ಹಿಡಿದಾಗ ಮುಳುಗೋದು ಯಾರ ದುಡ್ಡು? ಬ್ಯಾಂಕಿನದು, ಷೇರುದಾರರದು, ಕೆಲಸದವರ ಪಿಎಫ್‌ನದು. ನನ್ನ ಕಸುಬಲ್ಲಿ ಎಷ್ಟೋ ಮಾಲೀಕರನ್ನ ನೋಡಿದ್ದೀನಿ. ಹುಡುಗರ ಸಂಬಳದಿಂದ ಪಿಎಫ್ ಹಿಡಿದಿರ್ತಾರೆ, ಕಟ್ಟಿರಲ್ಲ. "ಈ ತಿಂಗಳು ಓಡಿಸಿಬಿಡೋಣ, ಮುಂದಿನ ತಿಂಗಳು ಸೇರಿಸಿ ಕಟ್ಟೋಣ" ಅಂತಾರೆ. ಹಿಡಿದ ದುಡ್ಡು ಕಟ್ಟದೇ ಇರೋದು ನಂಬಿಕೆದ್ರೋಹದ ಅಪರಾಧ ಅಂತ ಕಾನೂನಿನಲ್ಲೇ ಇದೆ. ಆದರೆ ಆ ಮಾಲೀಕರಲ್ಲಿ ಬಹಳ ಜನ ದೇವರಾಣೆಗೂ ಕೆಟ್ಟವರಲ್ಲ. ಲಂಚ ಕೊಡಲ್ಲ, ಕುಡಿಯಲ್ಲ, ಊರ ಜಾತ್ರೆಗೆ ಅನ್ನದಾನ ಮಾಡ್ತಾರೆ. ಸಿನಿಮಾದಲ್ಲಿ ಹಾಕಿದ್ರೆ ಹೀರೋ ಪಾತ್ರವೇ ಸಿಗುತ್ತೆ.

ಪೀಣ್ಯ ಎರಡನೇ ಹಂತ:
ಲೆಕ್ಕಪತ್ರ ಅವರೇ, ನಾನು ಹೇಳೋಕೆ ಒದ್ದಾಡ್ತಿದ್ದದ್ದನ್ನ ಸರಿಯಾಗಿ ಹೇಳಿದ್ರಿ. ಕೆಟ್ಟವನಲ್ಲದ ಮನುಷ್ಯ ತಪ್ಪು ಮಾಡೋ ಘಳಿಗೆ. ಅದೇ ನನಗೆ ಪರದೆ ಮೇಲೆ ಬೇಕಾಗಿರೋದು.

ಬೇ ಏರಿಯಾ ಕನ್ನಡಿಗ:
ಹಾಗಾದ್ರೆ 'ದಿ ಫೌಂಡರ್' ನೋಡಿ, 2016ರದ್ದು. ಮೆಕ್‌ಡೊನಾಲ್ಡ್ಸ್ ಕಥೆ. ಅಡುಗೆಮನೆ ಹೇಗಿರಬೇಕು ಅಂತ ಅಣ್ಣತಮ್ಮ ಇಬ್ಬರೂ ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹುಡುಗರನ್ನ ಅದರೊಳಗೆ ಓಡಾಡಿಸಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದ್ರೆ ಅಳಿಸಿ ಮತ್ತೆ ಎಳೀತಾರೆ. ಕೆಲಸ ಕಟ್ಟೋದರ ಸಂತೋಷವನ್ನ ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ನಾನು ಬೇರೆ ಕಂಡಿಲ್ಲ. ಆಮೇಲೆ ರೇ ಕ್ರಾಕ್ ಬರ್ತಾನೆ, ಮಿಲ್ಕ್‌ಶೇಕ್ ಮಷೀನ್ ಮಾರೋನು. ಊರೂರಿಗೆ ಅಂಗಡಿ ಹರಡ್ತಾನೆ. 1961ರಲ್ಲಿ 27 ಲಕ್ಷ ಡಾಲರ್‌ಗೆ ಸೋದರರನ್ನ ಹೊರಗೆ ಕಳಿಸ್ತಾನೆ. ಶೇ. 1ರ ರಾಯಲ್ಟಿ ಬರೀ ಕೈಕುಲುಕಿ ಒಪ್ಪಿದ್ದು. ಕಾಗದದಲ್ಲಿ ಇರಲಿಲ್ಲ, ಬರಲೂ ಇಲ್ಲ ಅಂತ ಸಿನಿಮಾ ಹೇಳುತ್ತೆ.

ಇದರಲ್ಲಿ ಕ್ರಾಕ್‌ನನ್ನ ರಾಕ್ಷಸ ಮಾಡಿಲ್ಲ. ಐವತ್ತು ದಾಟಿದವನ ಹಸಿವು ಅರ್ಥವಾಗುತ್ತೆ. ಅವನ ಜೊತೆಗೇ ಓಡ್ತಾ ಇರ್ತೀವಿ, ಎಲ್ಲೋ ಒಂದು ಕಡೆ ನಾವೂ ಆ ಸೋದರರ ಮೇಲೆ ಸಿಡುಕೋಕೆ ಶುರು ಮಾಡಿರ್ತೀವಿ. ಆಗ ಗೊತ್ತಾಗುತ್ತೆ, ನಾವು ಯಾವ ಪಕ್ಷ ಸೇರಿಬಿಟ್ಟಿದ್ದೀವಿ ಅಂತ.

ಕೋಡ್ ಬರೆಯುವವ:
ಫೇಸ್‌ಬುಕ್ ಕಥೆ 'ದಿ ಸೋಷಿಯಲ್ ನೆಟ್‌ವರ್ಕ್' ಬಿಟ್ಟಿರಲ್ಲ! ಶುರುವಿಗೆ ದುಡ್ಡು ಹಾಕಿದ ಗೆಳೆಯನ ಪಾಲು ಶೇ. 0.03ಕ್ಕೆ ಇಳಿದಿರುತ್ತೆ, ಅವನು ಸಹಿ ಹಾಕಿದ ಕಾಗದದಿಂದಲೇ. ನಮ್ಮ ಕಂಪನಿಯಲ್ಲಿ ಇಎಸ್‌ಒಪಿ, ಅಂದ್ರೆ ನೌಕರರಿಗೆ ಷೇರು ಕೊಡೋ ಯೋಜನೆಯ ಕಾಗದ ಕೊಟ್ಟಾಗ ಒಬ್ಬರೂ ಓದದೇ ಸಹಿ ಹಾಕಿದ್ರು. ಸಿನಿಮಾ ನೋಡಿದ್ದವರೂ ಸೇರಿ.

ಲೆಕ್ಕಪತ್ರ:
ಅದನ್ನ ದಯವಿಟ್ಟು ಓದಿಸಿ. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಷೇರು ತಗೋಬೇಕು ಅನ್ನೋ ಸಾಲು ಹುಡುಕಿ. ಬಹಳ ಜನ ಅಲ್ಲೇ ಕಳ್ಕೊಳ್ಳೋದು.

ದಾಸರಹಳ್ಳಿ ಟ್ರೇಡರ್:
ನೀವೆಲ್ಲ ಉದ್ಯಮಿಯನ್ನ ಕಟಕಟೆಯಲ್ಲೇ ನಿಲ್ಲಿಸ್ತೀರಲ್ಲ. ಮಣಿರತ್ನಂ ಅವರ 'ಗುರು' ನೋಡಿ, ಅದೂ ಒಬ್ಬ ಉದ್ಯಮಿಯ ಕಥೆ. ವಿಚಾರಣಾ ಆಯೋಗದ ಮುಂದೆ ಐದು ನಿಮಿಷ ಕೊಟ್ಟಿದ್ರಿ, ನಾಲ್ಕೂವರೆಗೆ ಮುಗಿಸ್ದೆ, ಮೂವತ್ತು ಸೆಕೆಂಡ್ ಲಾಭ ಅಂತಾನೆ. ಆ ಮಾತಿಗೆ ಮೈ ಜುಮ್ ಅನ್ನುತ್ತೆ. ಆ ಕಾಲದಲ್ಲಿ ಎಷ್ಟು ಉತ್ಪಾದನೆ ಮಾಡಬೇಕು ಅನ್ನೋದಕ್ಕೂ ದಿಲ್ಲಿಯ ಲೈಸೆನ್ಸ್ ಬೇಕಿತ್ತು. ಜಾಸ್ತಿ ಮಾಡಿದ್ರೆ ಅಪರಾಧ! ಅಂಥ ಕಾನೂನು ಮುರಿದವನು ಅನೈತಿಕನಾ, ಕಾನೂನೇ ಅನೈತಿಕನಾ? 1991ರ ನಂತರ ಸರ್ಕಾರವೇ ಅದನ್ನ ಕಿತ್ತುಹಾಕಿತು. ಅಂದ್ರೆ ಗುರು ಸರಿ ಇದ್ದ.

ಹಳೇ ಟಾಕೀಸು:
ಲೈಸೆನ್ಸ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೆ ಮಣಿರತ್ನಂ ಒಂದು ಜಾಣತನ ಮಾಡಿದ್ದಾರೆ. ಕೆಟ್ಟ ಕಾನೂನು ಮುರಿದದ್ದು, ಸುಂಕ ತಪ್ಪಿಸಿದ್ದು, ಅಧಿಕಾರಿಗಳ ಕೈ ಬೆಚ್ಚಗೆ ಮಾಡಿದ್ದು, ಎಲ್ಲವನ್ನೂ ಒಂದೇ ಭಾಷಣದಲ್ಲಿ ತೊಳೆದುಬಿಟ್ಟರು. ಮಿಥುನ್ ಮಾಡಿದ ಪತ್ರಿಕೆ ಸಂಪಾದಕನ ಪಾತ್ರ ಅಷ್ಟು ಗಟ್ಟಿಯಾಗಿತ್ತು, ಕೊನೆಗೆ ಅವನ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ, ಚಪ್ಪಾಳೆ ಸಿಕ್ಕಿತು.

ದಾಸರಹಳ್ಳಿ ಟ್ರೇಡರ್:
ಚಪ್ಪಾಳೆ ಹೊಡೆದವರು ಷೇರುದಾರರು. ಅವರ ಮನೆಗೆ ದುಡ್ಡು ಬಂದಿತ್ತು. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕಥೆಯ 'ಸ್ಕ್ಯಾಮ್ 1992' ಸರಣಿಯಲ್ಲೂ ಅದೇ. ಮಧ್ಯಮ ವರ್ಗಕ್ಕೆ ಮಾರುಕಟ್ಟೆ ಪರಿಚಯಿಸಿದ್ದು ಯಾರು?

ಲೆಕ್ಕಪತ್ರ:
ಇಲ್ಲಿ ನಿಲ್ಲಿ. 1992ರಲ್ಲಿ ನಡೆದದ್ದು ಲೈಸೆನ್ಸ್ ರಾಜ್ ವಿರುದ್ಧದ ಹೋರಾಟ ಅಲ್ಲ. ಬ್ಯಾಂಕುಗಳು ಒಂದಕ್ಕೊಂದು ಸರ್ಕಾರಿ ಸಾಲಪತ್ರ ಮಾರುವಾಗ ಪತ್ರದ ಬದಲು ಬ್ಯಾಂಕ್ ರಸೀದಿ ಕೊಡ್ತಿದ್ದವು. ಹಿಂದೆ ಸಾಲಪತ್ರವೇ ಇಲ್ಲದ ಖಾಲಿ ರಸೀದಿಗಳನ್ನ ಬ್ಯಾಂಕ್ ಆಫ್ ಕರಾಡ್‌ನಂಥ ಸಣ್ಣ ಬ್ಯಾಂಕುಗಳಿಂದ ಬರೆಸಿ, ಅದರ ಮೇಲೆ ದೊಡ್ಡ ಬ್ಯಾಂಕುಗಳ ದುಡ್ಡೆತ್ತಿ ಷೇರುಪೇಟೆಗೆ ಸುರಿದದ್ದು ಹರ್ಷದ್. ಠೇವಣಿದಾರರ ದುಡ್ಡು ಅದು. ಸರಣಿ ಇದನ್ನ ಬಿಡಿಸಿ ಹೇಳುತ್ತೆ, ಅದನ್ನ ಮೆಚ್ಚಬೇಕು. ಹಗರಣ ಬಯಲಿಗೆಳೆದ ಪತ್ರಕರ್ತೆ ಸುಚೇತಾ ದಲಾಲ್ ಪಾತ್ರಕ್ಕೂ ತೂಕ ಇದೆ. ಆದರೆ ನೋಡಿದ ಹುಡುಗರ ಬಾಯಲ್ಲಿ ಉಳಿದದ್ದು ರಸೀದಿ ಅಲ್ಲ, 'ರಿಸ್ಕ್ ಹೈ ತೋ ಇಷ್ಕ್ ಹೈ', ರಿಸ್ಕ್ ಇದ್ದರೇ ಪ್ರೀತಿ ಅಂತ. ಬೇರೆಯವರ ದುಡ್ಡಲ್ಲಿ ತಗೊಂಡ ರಿಸ್ಕ್‌ಗೆ ಇಷ್ಕ್ ಅನ್ನೋ ಹೆಸರಾ?

ದಾಸರಹಳ್ಳಿ ಟ್ರೇಡರ್:
ಎಲ್ಲ ಉದ್ಯಮಿಯೂ ಬೇರೆಯವರ ದುಡ್ಡಲ್ಲೇ ಶುರು ಮಾಡೋದು ಸ್ವಾಮಿ. ಇನ್ಫೋಸಿಸ್ ಶುರು ಮಾಡೋಕೆ ನಾರಾಯಣ ಮೂರ್ತಿಗೂ ಹತ್ತು ಸಾವಿರ ರೂಪಾಯಿ ಹೆಂಡತಿಯೇ ಕೊಟ್ಟದ್ದು.

ಲೆಕ್ಕಪತ್ರ:
ಕೊಟ್ಟರು. ಕೇಳಿ, ಗೊತ್ತಿದ್ದು ಕೊಟ್ಟರು. ವ್ಯತ್ಯಾಸ ಅಷ್ಟೇ ಇರೋದು, ಅದೇ ಎಲ್ಲಾ.

ಬಂದರು ರಸ್ತೆ:
ಮಾರಾಯ್ರೇ, ಇಷ್ಟು ದೊಡ್ಡವರ ಕಥೆ ಯಾಕೆ? 'ಮಾಲ್ಗುಡಿ ಡೇಸ್' ಇಲ್ವಾ? ಮಿಠಾಯಿ ಅಂಗಡಿ ಜಗನ್, ಅನಂತನಾಗ್ ಮಾಡಿದ್ದು. ಅದರ ಮೂಲ, ಆರ್.ಕೆ. ನಾರಾಯಣರ 1967ರ ಕಾದಂಬರಿಯಲ್ಲಿ ಒಂದು ಸಂಗತಿ ಉಂಟು. ಜಗನ್ ಗಾಂಧಿವಾದಿ, ಚರಕ ತಿರುಗಿಸುವವ, ಗಲ್ಲಾದಲ್ಲಿ ಕೂತು ಭಗವದ್ಗೀತೆ ಓದುವವ. ಆದರೆ ಸಂಜೆ ಆರರ ಮೇಲಿನ ವ್ಯಾಪಾರದ ದುಡ್ಡು ಬೇರೆ ಪಾತ್ರೆಗೆ ಹೋಗ್ತದೆ. ಅದು ಲೆಕ್ಕಕ್ಕಿಲ್ಲ, ಅದಕ್ಕೆ ತೆರಿಗೆ ಇಲ್ಲ! ಅವನಿಗೆ ಅದು ತಪ್ಪು ಅಂತಲೂ ಅನಿಸುವುದಿಲ್ಲ.

ನಮ್ಮದು ಹೋಟೆಲಿನ ಕುಟುಂಬ. ಅಜ್ಜನ ಕಾಲದ ಗಲ್ಲಾ ನೋಡಿ ಬೆಳೆದವರಿಗೆ ಆ ಆರು ಗಂಟೆಯ ಪಾತ್ರೆ ಓದಿದಾಗ ಎದೆ ಒಮ್ಮೆ ಝಲ್ಲೆಂತದೆ. ಇಷ್ಟು ಮೆಲ್ಲಗೆ, ಬೈಯದೆ, ಒಬ್ಬ ವ್ಯಾಪಾರಿಯ ಒಳಗನ್ನು ತೋರಿಸಿದವರು ಕಡಿಮೆ.

ಕೋಡ್ ಬರೆಯುವವ:
ಅದರಲ್ಲೇ ಅಲ್ವಾ ಮಗ ಅಮೆರಿಕದಿಂದ ಕಥೆ ಬರೆಯೋ ಯಂತ್ರ ತರ್ತೀನಿ ಅಂತ ಅಪ್ಪನ ಹತ್ತಿರ ಬಂಡವಾಳ ಕೇಳೋದು? 1967ರಲ್ಲೇ!

ಬಂದರು ರಸ್ತೆ:
ಹೌದು! 51 ಸಾವಿರ ಡಾಲರ್ ಬೇಕು ಅಂತಾನೆ. ಈಗ ಅದೇ ಮಾತಿಗೆ ಬೆಂಗಳೂರಿನಲ್ಲಿ ದುಡ್ಡು ಕೊಡುವವರು ಸಾಲಾಗಿ ನಿಂತಿದ್ದಾರೆ.

ಕೋಡ್ ಬರೆಯುವವ:
'ಮಾಲ್ಗುಡಿ ಡೇಸ್' ನಿರ್ದೇಶಿಸಿದ ಶಂಕರ್‌ನಾಗ್ ಬಗ್ಗೆಯೇ ಒಂದು ಸಿನಿಮಾ ಬರಬೇಕು. ನಟನೆ, ನಿರ್ದೇಶನದ ಜೊತೆಗೆ ಸಂಕೇತ್ ಸ್ಟುಡಿಯೋ ಕಟ್ಟಿದ ಮನುಷ್ಯ. ಮೆಟ್ರೋ, ನಂದಿಬೆಟ್ಟಕ್ಕೆ ರೋಪ್‌ವೇ ಅಂತೆಲ್ಲ ಕನಸು ಕಂಡಿದ್ದರು.

ಹಳೇ ಟಾಕೀಸು:
ಆಗುಂಬೆಯಲ್ಲಿ ಆ ಸರಣಿ ಚಿತ್ರೀಕರಿಸಿದ್ದೇ ಒಂದು ಸಿನಿಮಾ ಆಗುತ್ತೆ.

ನಿರ್ವಾಹಕ:
ಶಂಕರ್‌ನಾಗ್ ಚರ್ಚೆಗೆ ಬೇರೆ ಎಳೆ ತೆರೆಯೋಣ. ಇಲ್ಲಿ ವಿಷಯಕ್ಕೆ ಬನ್ನಿ.

ರೊಟ್ಟಿ ಕೇಂದ್ರ ಕಲಬುರಗಿ:
ಭಾಳ ಹೊತ್ತಿಂದ ಓದ್ಲಿಕತ್ತೀನ್ರಿ, ಒಬ್ಬರೂ ಹೆಣ್ಮಕ್ಕಳ ಹೆಸರು ತಗಿಲಿಲ್ಲ. 'ಸೂರರೈ ಪೋಟ್ರು'ದಾಗ ಗಂಡ ವಿಮಾನ ವಿಮಾನ ಅಂತ ಓಡ್ಯಾಡ್ತಿದ್ದಾಗ ಮನಿ ನಡಿಸಿದ್ದು ಹೆಂಡ್ತಿ ಬೊಮ್ಮಿಯ ಬೇಕರಿ. ದುಡ್ಡು ಗಳಿಸಿದ ಧಂದೆ ಅದ, ಆದರ ಸಿನಿಮಾ ಅದರ ಮ್ಯಾಲ ಅಲ್ಲ. ಹತ್ತು ಸಾವಿರ ರೂಪಾಯಿ ಮತ್ತ ಒಂದು ಗ್ಯಾರೇಜಿನಾಗ 1978ರಾಗ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್ ಶಾ ನಮ್ಮ ಬೆಂಗಳೂರಿನವರೇ. ಅವರ ಕಥಿ ಸಿನಿಮಾಕ್ಕ ಸಾಲೂದಿಲ್ಲೇನು?

ನಾವು ಒಂದಿಷ್ಟು ಹೆಣ್ಮಕ್ಕಳು ಕೂಡಿ ಜ್ವಾಳದ ಕಟಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಅಂಗಡಿಗೆ ಹಾಕ್ತೀವಿ. ಸಾಲಕ್ಕ ಬ್ಯಾಂಕಿಗೆ ಹೋದ್ರ "ನಿಮ್ಮ ಮನಿಯವ್ರು ಎಲ್ಲಿ, ಅವರನ್ನ ಕರಕೊಂಡು ಬರ್ರಿ" ಅಂದ್ರು. ಹ್ವಾದ ಮಳಿಗಾಲದಾಗ ತಂಪಿಗೆ ಒಂದು ದೊಡ್ಡ ಗಂಟು ರೊಟ್ಟಿ ಮೆತ್ತಗಾಗಿ ವಾಪಸ್ ಬಂತು. ಕೆಟ್ಟಿರಲಿಲ್ಲ, ಬರೀ ಮೆತ್ತಗಾಗಿತ್ತು. ಹಂಚಿನ ಮ್ಯಾಲ ಇಟ್ಟರ ಮತ್ತ ಕಟಕ್ ಆಗ್ತಾವ. ಹೊಸಾ ತಾರೀಖು ಹಚ್ಚಿ ಬ್ಯಾರೆ ಊರಿಗೆ ಕಳಸೂಣು ಅಂತ ಗುಂಪಿನಾಗ ಇಬ್ಬರು ಅಂದ್ರು. ಅವರಾಗ ಒಬ್ಬಾಕಿ ಗಂಡ ದವಾಖಾನ್ಯಾಗಿದ್ದ, ಆಕಿಗೆ ಆ ವಾರದ ದುಡ್ಡು ಬೇಕೇಬೇಕಿತ್ತು. ಬ್ಯಾಡ ಅಂದವರಿಗೆ ಮನ್ಯಾಗ ಪಗಾರ ತರೋ ಗಂಡಸರಿದ್ರು. ಅದನ್ನೇ ಆಕಿ ಮುಖದ ಮ್ಯಾಲ ಅಂದ್ಲು: "ನಿಮಗ ನ್ಯಾಯ ಮಾತಾಡ್ಲಿಕ್ಕೆ ಪುರಸೊತ್ತದ."

ಆಮ್ಯಾಲ ರೊಟ್ಟಿ ಎಮ್ಮಿಗೆ ಹಾಕಿದಿವಿ. ಆಕಿ ಪಾಲಿನ ದುಡ್ಡು ಉಳಿದವರು ಹಂಚಿಕೊಂಡು ಕೊಟ್ಟಿವಿ. ಆದರ ಆಕಿ ಮಾತು ಸುಳ್ಳಲ್ಲ. ಪ್ರಾಮಾಣಿಕತನಕ್ಕೂ ರೊಕ್ಕ ಬೇಕಾಗ್ತದ. ಸಿನಿಮಾದಾಗ ಹಂಗ ಯಾರೂ ಅನ್ನೂದಿಲ್ಲ. ಅಲ್ಲಿ ಬಡವನೇ ಹೆಚ್ಚು ಪ್ರಾಮಾಣಿಕ.

ಪೀಣ್ಯ ಎರಡನೇ ಹಂತ:
ಅಕ್ಕಾ, ಇಡೀ ಚರ್ಚೆಗೆ ನೀವು ಬರೆದದ್ದೇ ತೂಕ. ಆ ಹೆಣ್ಣುಮಗಳ ಮಾತು ಯಾವುದಾದರೂ ಪಾತ್ರದ ಬಾಯಲ್ಲಿ ಕೇಳಬೇಕು.

ಬಂದರು ರಸ್ತೆ:
ಪಾಲು ಹಂಚಿಕೊಂಡು ಕೊಟ್ಟದ್ದು ದೊಡ್ಡದು. ನಮಸ್ಕಾರ.

ಗೊರೂರು ಸೀಮೆ:
ಗೋಪಿನಾಥ್ ಅವರ ಪತ್ನಿ ನಿಜವಾಗಿಯೂ ಬೇಕರಿ ನಡೆಸಿದವರು. ಸಿನಿಮಾ ಅಷ್ಟನ್ನಾದರೂ ಉಳಿಸಿಕೊಂಡಿತು. ಅಕ್ಕ ಹೇಳಿದ ಹಾಗೆ ಅದು ಅಂಚಿನಲ್ಲೇ ಉಳೀತು ಅನ್ನೋದೂ ನಿಜ.

ಲೈಟ್ ಯೂನಿಟ್:
ನಾನು ಸೆಟ್ಟಿನಲ್ಲಿ ಲೈಟ್ ಎತ್ತೋನು. ನ್ಯಾಯ ನೀತಿ ಹೇಳೋ ಸಿನಿಮಾಗಳಿಗೂ ಲೈಟ್ ಹಿಡಿದಿದ್ದೀನಿ. ಒಂದು ಚಿತ್ರದಲ್ಲಿ ಕಾರ್ಮಿಕರಿಗೆ ಸಂಬಳ ಕೊಡದ ವಿಲನ್ ಮಾಲೀಕನ ದೃಶ್ಯ ತೆಗೀತಿದ್ರು. ಅವತ್ತಿಗೆ ನಮ್ಮ ಬಾಟಾ, ಅಂದ್ರೆ ದಿನದ ಭತ್ಯೆ, ಕೊಟ್ಟು ವಾರಗಳೇ ಆಗಿತ್ತು. ಪ್ರೊಡಕ್ಷನ್ ಮ್ಯಾನೇಜರ್‌ನ ಕೇಳಿದ್ರೆ ಶೆಡ್ಯೂಲ್ ಮುಗೀಲಿ ಅಂದ್ರು. ಆ ಚಿತ್ರ ಬಿಡುಗಡೆಯೇ ಆಗಲಿಲ್ಲ, ದುಡ್ಡೂ ಬರಲಿಲ್ಲ. ಸಿನಿಮಾ ತೆಗೆಯೋದೂ ಒಂದು ಉದ್ಯಮವೇ ತಾನೇ? ನಿರ್ಮಾಪಕರ ಬಗ್ಗೆ ನಿರ್ಮಾಪಕರೇ ಯಾಕೆ ಸಿನಿಮಾ ತೆಗೀತಾರೆ ಹೇಳಿ.

ಕೋಡ್ ಬರೆಯುವವ:
ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ.

ಬೇ ಏರಿಯಾ ಕನ್ನಡಿಗ:
'ರಾಕೆಟ್ ಸಿಂಗ್' ಯಾರೂ ಎತ್ತಲಿಲ್ಲವಲ್ಲ. 2009. ಬಿಕಾಂನಲ್ಲಿ 39 ಪರ್ಸೆಂಟ್ ತಗೊಂಡ ಸರ್ದಾರ್ ಹುಡುಗ, ಕಂಪ್ಯೂಟರ್ ಮಾರೋ ಕಂಪನಿಯಲ್ಲಿ ಸೇಲ್ಸ್. ಲಂಚ ಕೇಳಿದ ಗಿರಾಕಿಯ ಮೇಲೆ ದೂರು ಕೊಟ್ಟು ಆಫೀಸಿನಲ್ಲೇ ಮೂಲೆಗುಂಪಾಗ್ತಾನೆ. ಆಮೇಲೆ ಅದೇ ಆಫೀಸಿನೊಳಗೆ ಕದ್ದು ತನ್ನದೊಂದು ಕಂಪನಿ ನಡೆಸ್ತಾನೆ. ಪೀಣ್ಯದವರಿಗೆ ಬೇಕಾದ ದಿನನಿತ್ಯದ ವ್ಯವಹಾರ ಅದರಲ್ಲಿದೆ: ಡೆಲಿವರಿ, ರಿಪೇರಿ, ರಾತ್ರಿ ಬರೋ ಫೋನ್, ಟೀ ಕೊಡೋನಿಗೂ ಪಾಲುದಾರಿಕೆ.

ಲೆಕ್ಕಪತ್ರ:
ಅದು ನನಗೂ ಮೆಚ್ಚಿನದು. ಆದರೆ ಬೇರೆಯವರ ಫೋನು, ಬೇರೆಯವರ ಸಮಯ, ಬೇರೆಯವರ ಆಫೀಸು ಬಳಸಿ ಅವರಿಗೇ ಪ್ರತಿಸ್ಪರ್ಧಿಯಾಗೋದು ಪ್ರಾಮಾಣಿಕತನವಾ?

ಬೇ ಏರಿಯಾ ಕನ್ನಡಿಗ:
ಅವನು ಪ್ರತಿಯೊಂದರ ಲೆಕ್ಕ ಬರೆದಿಟ್ಟಿರ್ತಾನೆ, ವಾಪಸ್ ಕೊಡೋಕೆ.

ಲೆಕ್ಕಪತ್ರ:
ಬರೆದಿಟ್ಟುಕೊಂಡರೆ ಕೇಳದೇ ತಗೊಂಡದ್ದು ಸರಿ ಆಗಿಬಿಡುತ್ತಾ? ಪಿಎಫ್ ಕಟ್ಟದ ಮಾಲೀಕನೂ ಲೆಕ್ಕ ಬರೆದೇ ಇಟ್ಟಿರ್ತಾನೆ. ಆದರೂ ಸಿನಿಮಾದ ಮೇಲೆ ನನಗೆ ಗೌರವ ಯಾಕಂದ್ರೆ ಆ ಪ್ರಶ್ನೆಯನ್ನ ಅದು ಮುಚ್ಚಿಡಲ್ಲ. ಸಿಕ್ಕಿಬಿದ್ದ ಮೇಲೆ ಅವನು ಕಟ್ಟಿದ ಕಂಪನಿ ಒಂದು ರೂಪಾಯಿಗೆ ಕೈಬಿಟ್ಟು ಹೋಗುತ್ತೆ.

ದಾಸರಹಳ್ಳಿ ಟ್ರೇಡರ್:
ಮತ್ತೆ ಬಾಕ್ಸಾಫೀಸಲ್ಲಿ ಆ ಸಿನಿಮಾ ಓಡಲಿಲ್ಲ. 'ಗುರು' ಓಡಿತು. ಜನ ಏನು ಬಯಸ್ತಾರೆ ಅನ್ನೋದು ಅಲ್ಲೇ ಇದೆ.

ಹಳೇ ಟಾಕೀಸು:
ಜನ ಬಯಸಿದ್ದರಿಂದ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿದ ಸಿನಿಮಾನೂ ಇದೆ ಸ್ವಾಮಿ, ಮೇಲೆ ಹೇಳಿದೀನಿ.

ಪೀಣ್ಯ ಎರಡನೇ ಹಂತ:
ಗೊರೂರು ಸೀಮೆಯವರು ಬರೆದ ಆ 2007ನೇ ಇಸವಿ ನನ್ನ ತಲೆಯಿಂದ ಹೋಗ್ತಿಲ್ಲ. ಸಿನಿಮಾ ಅಲ್ಲಿಯವರೆಗೆ ಹೋಗಿದ್ರೆ ಏನು ತೋರಿಸಬಹುದಿತ್ತು ಯೋಚಿಸಿ. ಒಂದು ಕಡೆ ಹಳ್ಳಿಯವನೂ ಹಾರಬೇಕು ಅನ್ನೋ ಮಾತು ಕೊಟ್ಟಾಗಿದೆ. ಇನ್ನೊಂದು ಕಡೆ ಪೈಲಟ್, ಗಗನಸಖಿಯರು, ಸಾಮಾನು ಏರಿಸೋ ಹುಡುಗರ ಸಂಬಳ. ಮಾರಿದ್ರೆ ಮಾತು ಹೋಗುತ್ತೆ, ಮಾರದಿದ್ರೆ ಅವರ ಅನ್ನ ಹೋಗುತ್ತೆ. ಮಹತ್ವಾಕಾಂಕ್ಷೆ ನೀತಿ ಎರಡೂ ಎದುರುಬದುರು ಕೂರೋದು ಅಲ್ಲಿ.

ಲೆಕ್ಕಪತ್ರ:
ಅದರ ಮುಂದಿನ ಭಾಗವೂ ಬೇಕು. ಕೊಂಡವರ ಕಂಪನಿಯಲ್ಲಿ ತಿಂಗಳುಗಟ್ಟಲೆ ಸಂಬಳ ನಿಂತು, 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಮಲ್ಯರ ಬಗ್ಗೆ ಸಾಕ್ಷ್ಯಚಿತ್ರ ಬಂದಿದೆ, ಅದರಲ್ಲಿ ಪಾರ್ಟಿ, ಕ್ಯಾಲೆಂಡರ್ ಎಲ್ಲಾ ಸಿಗುತ್ತೆ. ಸಂಬಳ ಬರದ ಇಂಜಿನಿಯರ್ ಮನೆಯೊಳಗೆ ಕೂತು ಬರೆದ ಕಥಾಚಿತ್ರವನ್ನ ನಾನು ನೋಡಿಲ್ಲ.

ಗೊರೂರು ಸೀಮೆ:
ಒಂದು ಎಚ್ಚರ. ಬದುಕಿರುವವರ ಮನಸ್ಸಿನಲ್ಲಿ ಏನಿತ್ತು ಅಂತ ನಾವೇ ಬರೆದುಬಿಡೋದೂ ಸರಿಯಲ್ಲ. ಗೋಪಿನಾಥ್ ತಮ್ಮ ಆತ್ಮಕಥೆಯಲ್ಲಿ ಹೇಳಬೇಕಾದದ್ದನ್ನ ಹೇಳಿದ್ದಾರೆ, ಅದು ಕನ್ನಡಕ್ಕೂ ಬಂದಿದೆ. ಸಿನಿಮಾ ನೋಡಿದವರು ಅದನ್ನ ಓದಲಿ.

ದಾಸರಹಳ್ಳಿ ಟ್ರೇಡರ್:
ಇದು ಒಪ್ಪಿದೆ. ಓದ್ತೀನಿ.

ಲೆಕ್ಕಪತ್ರ:
ಪೀಣ್ಯದವರೇ, ಸಿನಿಮಾ ಬಿಟ್ಟು ಒಂದು ಮಾತು. ನಿಮ್ಮ ಪಾರ್ಟಿ ಪೇಮೆಂಟ್ ಎಳೀತಿದ್ದರೆ ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಇದೆಯಾ ನೋಡಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಅವರು ಕೊಡಬೇಕು. ಜೊತೆಗೆ ಆದಾಯ ತೆರಿಗೆ ನಿಯಮದ ಪ್ರಕಾರವೂ, ಗಡುವು ಮೀರಿಸಿ ವರ್ಷದ ಕೊನೆಗೆ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ಕಳೆಯೋಕೆ ಅವರಿಗೆ ಆಗಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ.

ಪೀಣ್ಯ ಎರಡನೇ ಹಂತ:
ನೋಂದಣಿ ಇದೆ. ಬಿಲ್ಲಿನ ಮೇಲೆ ಹಾಕಿಲ್ಲ, ಹಾಕಿಸ್ತೀನಿ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತೆ. ಅದೂ ಕಾನೂನು ಪುಸ್ತಕದಲ್ಲಿ ಇಲ್ಲದ ಕಾನೂನು.

ಹಳೇ ಟಾಕೀಸು:
ಎಲ್ಲರೂ ಒಬ್ಬನೇ ಮಾಲೀಕ, ಒಬ್ಬನೇ ಹೀರೋ ಅಂತ ಮಾತಾಡ್ತಿದ್ದೀವಿ. 'ಮಂಥನ್' ಮರೆತೇಬಿಟ್ಟೆವಲ್ಲ. 1976, ಶ್ಯಾಮ್ ಬೆನಗಲ್. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಸಿನಿಮಾ. ನಮ್ಮ ಗಿರೀಶ ಕಾರ್ನಾಡರು ಡಾಕ್ಟರ್ ರಾವ್, ಅನಂತನಾಗ್ ಕೂಡ ಇದ್ದಾರೆ. ಅಲ್ಲಿ ಜಗಳ ಹಾಲಿನ ಬೆಲೆಯದು, ಕೊಬ್ಬಿನಂಶ ಅಳೆಯೋದು ಯಾರು ಅನ್ನೋದು, ಸಂಘದ ಸಾಲಿನಲ್ಲಿ ಯಾವ ಜಾತಿಯವರು ಮುಂದೆ ನಿಲ್ಲಬೇಕು ಅನ್ನೋದು. ಡಾಕ್ಟರ್ ಊರು ಬಿಟ್ಟು ಹೋಗ್ತಾನೆ, ಸಂಘ ಉಳಿಯುತ್ತೆ. ಹೀರೋ ಇಲ್ಲದೆ ನಡೆಯೋ ವ್ಯವಹಾರ ಅದು. ಮೊನ್ನೆ 2024ರಲ್ಲಿ ಹೊಸದಾಗಿ ಸಂಸ್ಕರಿಸಿ ಕಾನ್‌ನಲ್ಲೂ ತೋರಿಸಿದರು.

ರೊಟ್ಟಿ ಕೇಂದ್ರ ಕಲಬುರಗಿ:
ಕೊಬ್ಬಿನಂಶ ಅಳಿಯೂ ಜಗಳನೂ ಸಿನಿಮಾದಾಗ ಅದ ಏನ್ರಿ? ಹಂಗಾದ್ರ ನಮ್ಮ ಗುಂಪಿನವರಿಗೆ ತೋರಸ್ಬೇಕು. ಹಿಂದಿ ಎಲ್ಲರಿಗೂ ತಿಳೀತದ ಇಲ್ಲಿ.

ಹಳೇ ಟಾಕೀಸು:
ಅದರ ಹಿಂದಿ ಗ್ರಾಮ್ಯದ್ದು, ಗುಜರಾತಿ ವಾಸನೆ ಇದೆ, ಆದರೂ ನಿಮಗೆ ಕಷ್ಟ ಆಗಲಿಕ್ಕಿಲ್ಲ.

ರೊಟ್ಟಿ ಕೇಂದ್ರ ಕಲಬುರಗಿ:
ಆಯ್ತ್ರಿ. ಐತವಾರ ಮಧ್ಯಾಹ್ನ ಬಡಿಯೂದು ಬಂದ್ ಇರ್ತದ, ಅವತ್ತ ಕೂಡಿ ನೋಡ್ತೀವಿ. ದವಾಖಾನಿಯಿಂದ ಮನಿಗೆ ಬಂದಾನ, ಆಕಿ ಗಂಡನ್ನೂ ಕರೀತೀವಿ.